‘ಎಂಡ್’ ಎಂದರೆ ಯಾವಾಗಲೂ ಕೊನೆಯೇ?

ಪ್ರಶ್ನೆ
ನೀತಿಶಾಸ್ತ್ರದ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಎಂಡ್’ ಎಂಬ ಪದವು ಒಂದೆಡೆ ಮುಕ್ತಾಯವನ್ನೂ, ಇನ್ನೊಂದೆಡೆ ತುದಿಯನ್ನೂ, ಮತ್ತೊಂದೆಡೆ ಉದ್ದೇಶವನ್ನೂ ಸೂಚಿಸುತ್ತಿದೆ. ಇಷ್ಟು ಭಿನ್ನವಾದ ಅರ್ಥಗಳು ಒಂದೇ ಪದದಲ್ಲಿ ಹೇಗೆ ಸೇರಿಕೊಂಡವು, ಅನುವಾದಿಸುವಾಗ ಅವುಗಳನ್ನು ಗುರುತಿಸುವ ಬಗೆ ಯಾವುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1
ಈ ಪದದ ಬೇರಿನಲ್ಲೇ ಎಲ್ಲೆ ಎಂಬ ಭಾವವಿದೆ. ಹಗ್ಗಕ್ಕೆ ಎರಡು ‘ಎಂಡ್’ ಎನ್ನುವಾಗ ಅಲ್ಲಿ ಏನೂ ಮುಗಿದಿರುವುದಿಲ್ಲ. ಕ್ರಿಕೆಟ್‌ನಲ್ಲಿ 6 ಎಸೆತಗಳಾದ ಮೇಲೆ ಮುಂದಿನ ಓವರನ್ನು ಇನ್ನೊಂದು ‘ಎಂಡ್’ನಿಂದ ಎಸೆಯುವಾಗಲೂ ಅಷ್ಟೇ. ಜಾಗದ ಎಲ್ಲೆಯನ್ನು ಕಾಲಕ್ಕೆ ಅನ್ವಯಿಸಿದರೆ ಮುಕ್ತಾಯ ಎಂಬ ಅರ್ಥ ದೊರೆಯುತ್ತದೆ. ಸಂಸ್ಕೃತದ ‘ಅಂತ’ ಇದೇ ಮೂಲದ ಬಂಧುಪದವಾಗಿದ್ದು, ದಿಗಂತದಲ್ಲಿ ಅಂಚನ್ನೂ ದೇಹಾಂತದಲ್ಲಿ ಕೊನೆಯನ್ನೂ ಹೇಳುತ್ತದೆ. ಹೀಗಾಗಿ ಈ ಎರಡು ಅರ್ಥಗಳ ಕೂಡುವಿಕೆ ನಮಗೂ ಹೊಸದಲ್ಲ.

ಉತ್ತರ 2
ನಿಮ್ಮ ಲೇಖನಕ್ಕೆ ಮುಖ್ಯವಾದುದು ಮೂರನೆಯ ಅರ್ಥ. ಒಂದು ಕ್ರಿಯೆ ಎಲ್ಲಿಗೆ ತಲುಪಿದರೆ ಸಾರ್ಥಕವಾಗಿ ನಿಲ್ಲುತ್ತದೆಯೋ ಅದೇ ಅದರ ಗುರಿ. ಗ್ರೀಕಿನ ‘ಟೆಲೋಸ್’ ಕೂಡ ಮುಕ್ತಾಯ ಮತ್ತು ಉದ್ದೇಶ ಎರಡನ್ನೂ ಹೊತ್ತಿದೆ. ಮನುಷ್ಯನನ್ನು ಕೇವಲ ಸಾಧನವೆಂದು ಬಗೆಯದೆ ‘ಎಂಡ್’ ಎಂದೂ ಕಾಣಬೇಕೆಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರತಿಪಾದಿಸಿದ್ದು ಇಂಗ್ಲಿಷಿನಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ‘ಕೊನೆ’ ಎಂದು ಬರೆದರೆ ವಾಕ್ಯ ಭಯಾನಕವಾಗಿಬಿಡುತ್ತದೆ! ಆತ ಬಳಸಿದ ಜರ್ಮನ್ ಪದ ‘ತ್ಸ್ವೆಕ್’; ಅದಕ್ಕೆ ಉದ್ದೇಶ ಎಂದೇ ಅರ್ಥ, ಮುಕ್ತಾಯಕ್ಕೆ ಆ ಭಾಷೆಯಲ್ಲಿ ‘ಎಂಡೆ’ ಎಂಬ ಬೇರೆ ಪದವಿದೆ. ಎಂದರೆ ಈ ಗೊಂದಲ ಕಾಂಟನದಲ್ಲ, ಇಂಗ್ಲಿಷ್ ಅನುವಾದದ್ದು. ಅಕ್ಕಪಕ್ಕದಲ್ಲಿ ‘ಮೀನ್ಸ್’ ಎಂಬ ಪದ ಕಂಡರೆ ಹಿಂಜರಿಯದೆ ಸಾಧ್ಯ-ಸಾಧನ ಎಂಬ ಜೋಡಿಯನ್ನು ಬಳಸಿ; ಇಲ್ಲಿ ಸಾಧ್ಯ ಎಂದರೆ ಸಾಧಿಸಬೇಕಾದುದು. ‘ಗುರಿ’ ಎಂದರೂ ಸರಿಹೋಗುತ್ತದೆ, ಆದರೆ ಶಾಸ್ತ್ರೀಯ ಬರಹಕ್ಕೆ ಮೊದಲನೆಯದೇ ಒಪ್ಪುತ್ತದೆ.

ಉತ್ತರ 3
ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಈ ಪದದ ಹಿಂದಿರುವ ಪುಟ್ಟ ಪದವನ್ನೂ ಗಮನಿಸಬೇಕು. ‘ಇನ್ ದಿ ಎಂಡ್’ ಎಂದರೆ ಕಟ್ಟಕಡೆಗೆ, ಎಲ್ಲ ಆದ ಮೇಲೆ. ‘ಅಟ್ ದಿ ಎಂಡ್’ ಎಂದರೆ ಪುಟದ್ದೋ ಬೀದಿಯದೋ ತಿಂಗಳಿನದೋ ಕೊನೆಯಲ್ಲಿ. ‘ಆನ್ ಎಂಡ್’ ಗಂಟೆಗಳ ಜೊತೆ ಬಂದರೆ ಒಂದೇ ಸಮನೆ ಎಂದೂ, ಕೂದಲಿನ ಜೊತೆ ಬಂದರೆ ನೆಟ್ಟಗೆ ನಿಮಿರಿದ ಎಂದೂ ಅರ್ಥ. ಕರ್ಲಿಂಗ್ ಎಂಬ ಹಿಮದಾಟದಲ್ಲಂತೂ ಎರಡೂ ತಂಡಗಳು ತಲಾ 8 ಕಲ್ಲುಗಳನ್ನು ಜಾರಿಸುವ ಒಂದು ಸುತ್ತಿಗೇ ‘ಎಂಡ್’ ಎನ್ನುತ್ತಾರೆ. ಹಾಗಾಗಿ ಮೊದಲ ‘ಎಂಡ್’ ಎಂಬ ಮಾತು ಅಲ್ಲಿ ಪಂದ್ಯದ ಆರಂಭವನ್ನೇ ಸೂಚಿಸುತ್ತದೆ.