ಸಂಘದ ಆಫೀಸಿಗೆ ಇಂಟರ್‌ಕಾಮ್ ಹಾಕಿಸ್ತಿದೀವಿ, ಕರೆಂಟ್ ಪೈಪಲ್ಲೇ ಫೋನ್ ವೈರ್ ಎಳೀಬಹುದಾ?

ಅಡಿಕೆಸೀಮೆ:

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಒಂದು ಸಣ್ಣ ಸಹಕಾರ ಸಂಘ, ನಾನಲ್ಲಿ ಲೆಕ್ಕ ನೋಡ್ಕೊಳ್ಳೋನು. ಹಳೇ ಹೆಂಚಿನ ಕಟ್ಟಡ, ಕೌಂಟರು, ಕಾರ್ಯದರ್ಶಿಗಳ ರೂಮು, ಲಾಕರ್ ರೂಮು, ಹಿಂದೆ ಮೀಟಿಂಗ್ ಹಾಲು, ಅಂಗಳ ದಾಟಿ ಸುಮಾರು 60 ಮೀಟರ್ ಆಚೆ ಗೊಬ್ಬರದ ಗೋಡೌನು. ಗೋಡೌನಲ್ಲಿ ಮೊಬೈಲ್ ಸಿಗ್ನಲ್ ಬರಲ್ಲ, ಒಂದು ಚೀಲದ ಲೆಕ್ಕ ಕೇಳೋಕೂ ಮಳೇಲಿ ಕೊಡೆ ಹಿಡ್ಕೊಂಡು ಓಡ್ಬೇಕು, ಅದಕ್ಕೆ 3 ಲೈನು 8 ಎಕ್ಸ್‌ಟೆನ್ಶನ್ನಿನ ಒಂದು ಇಪಿಎಬಿಎಕ್ಸ್ (ಹೊರಗಿನ 3 ಲೈನನ್ನ ಒಳಗಿನ 8 ಫೋನಿಗೆ ಕೂಡಿಸೋ ಡಬ್ಬಿ) ಹಾಕ್ಸೋಣ ಅಂತ ಸಭೇಲಿ ತೀರ್ಮಾನ ಆಯ್ತು. ಕೊಟೇಶನ್ ಬಂದಿದೆ, ಇನ್ನೂ ದುಡ್ಡು ಕೊಟ್ಟಿಲ್ಲ. ಹೊರಗಿನ ಲೈನ್ ಈಗಿರೋದು ಒಂದೇ, ಫೈಬರ್ ಡಬ್ಬಿಯಿಂದ ಬರೋದು.

ವಿಷಯ ಏನಪ್ಪಾ ಅಂದ್ರೆ ನಮ್ಮ ಕೆಲಸಕ್ಕೆ ಬರೋ ಹುಡುಗ ಹೇಳ್ತಾನೆ, ಫೋನ್ ವೈರಲ್ಲಿ ಕರೆಂಟೇ ಇರಲ್ಲ ಸಾರ್, ಹೊಸ ಪೈಪ್ ಯಾಕೆ, ಲೈಟಿನ ಪೈಪಲ್ಲೇ ತೂರ್ಸಿ ಎಳೀತೀನಿ, ಗೋಡೌನಿಗೆ ಅಂಗಳದ ಕರೆಂಟ್ ಕಂಬಕ್ಕೆ ಕಟ್ಟಿ ಮೇಲಿಂದ ತಗೊಂಡ್ಹೋದ್ರೆ ಅರ್ಧ ದಿನದ ಕೆಲಸ ಅಂತ. ಖರ್ಚು ಉಳಿಯುತ್ತೆ ನಿಜ. ಆದ್ರೆ ಹೋದ ವರ್ಷ ಏಪ್ರಿಲ್ಲಲ್ಲಿ ಸಿಡಿಲು ಬಿದ್ದು ಮೋಡೆಮ್ಮೂ ಒಂದು ಕಂಪ್ಯೂಟರೂ ಸುಟ್ಟೋಯ್ತು, ಅವಾಗಿಂದ ನಂಗೆ ಭಯ. ಅರ್ಥಿಂಗ್ ಇದೆಯೋ ಇಲ್ವೋ ಅದೂ ಗೊತ್ತಿಲ್ಲ. ಯಾರಾದ್ರೂ ಈ ಕೆಲಸ ಕೈಯಾರೆ ಮಾಡಿದವರು ಹೇಳಿ.

ಹಳೇ ಲೈನ್‌ಮನ್:

ಬೇಡ. ಪೈಪಿಗೂ ಬೇಡ, ಕಂಬಕ್ಕಂತೂ ಬೇಡವೇ ಬೇಡ. 30 ವರ್ಷಕ್ಕೂ ಮೇಲೆ ಟೆಲಿಫೋನ್ ಕಂಬ ಹತ್ತಿದವನು ಹೇಳ್ತಿದೀನಿ ಅಂತ ತಿಳ್ಕೊಳ್ಳಿ.

ಫೋನ್ ವೈರಲ್ಲಿ ಕರೆಂಟ್ ಇರಲ್ಲ ಅನ್ನೋದೇ ತಪ್ಪು. ರಿಸೀವರ್ ಕೆಳಗಿದ್ದಾಗ ಲೈನಲ್ಲಿ 48 ವೋಲ್ಟ್ ಡಿಸಿ ನಿಂತಿರುತ್ತೆ, ಸಣ್ಣ ಇಂಟರ್‌ಕಾಮ್ ಡಬ್ಬಿಗಳಲ್ಲಿ ಅದಕ್ಕಿಂತ ಕಮ್ಮಿ ಇರಬಹುದು, ಆದ್ರೆ ರಿಂಗ್ ಆದಾಗ ಸುಮಾರು 75 ವೋಲ್ಟ್ ಎಸಿ ಬರುತ್ತೆ. ಸಾಯೋ ಹಾಗೆ ಹೊಡಿಯಲ್ಲ ನಿಜ, ಆದ್ರೆ ಏಣಿ ಮೇಲೆ ನಿಂತು ಹಲ್ಲಲ್ಲಿ ವೈರಿನ ಸಿಪ್ಪೆ ಕೀಳ್ತಿರೋವಾಗ ರಿಂಗ್ ಬಂದ್ರೆ ಕೈ ಬಿಟ್ಟು ಬೀಳ್ತೀರಿ, ನಮ್ಮಲ್ಲಿ ಒಬ್ಬ ಹಾಗೇ ಬಿದ್ದು ಸೊಂಟ ಮುರ್ಕೊಂಡ. ಅದಕ್ಕೆ ಕೆಲಸ ಮಾಡೋವಾಗ ಡಬ್ಬಿಯ ಪವರ್ ತೆಗೀರಿ, ಹೊರಗಿನ ಲೈನ್ ಪ್ಲಗ್ಗನ್ನೂ ಕಿತ್ತಿಡಿ, ಎರಡೂ.

ನಿಜವಾದ ಅಪಾಯ ಅದಲ್ಲ. ಒಂದೇ ಪೈಪಲ್ಲಿ 230 ವೋಲ್ಟ್ ವೈರು, ಪಕ್ಕಕ್ಕೇ ತೆಳು ಸಿಪ್ಪೆಯ ಫೋನ್ ವೈರು. ಹೆಂಚಿನ ಕಟ್ಟಡ ಅಂತೀರಿ, ಅಟ್ಟದಲ್ಲಿ ಇಲಿ ಇಲ್ಲ ಅಂತ ಹೇಳ್ಬೇಡಿ. ಇಲಿ ಕಡಿದೋ, ವೈರ್ ಎಳೆಯೋವಾಗ ಪೈಪಿನ ಅಂಚು ಕೊಯ್ದೋ ಎರಡೂ ತಾಗಿದ್ರೆ ಆ 230 ವೋಲ್ಟ್ ನೇರವಾಗಿ ಫೋನಿಗೇ ಹೋಗಿ ನಿಲ್ಲುತ್ತೆ, ಕಿವಿಗೆ ಹಿಡ್ಕೊಂಡಿರೋನ ತಲೆ ಹತ್ರ. ಕಂಬದ ಕಥೆನೂ ಅಷ್ಟೇ, ಗಾಳಿ ಮಳೆಗೆ ಒಂದು ಕೊಂಬೆ ಬಿದ್ದು ಕಂಬದ ಕರೆಂಟ್ ತಂತಿ ಫೋನ್ ವೈರ್ ಮೇಲೆ ಬಿದ್ರೆ ಮುಗೀತು. ನಮ್ಮ ಜೊತೆ ಕೆಲಸ ಮಾಡ್ತಿದ್ದ ಒಬ್ಬ ಒಳ್ಳೇ ಹುಡುಗ ಹಂಗೇ ಹೋದ, ಲೈನ್ ಡೆಡ್ ಇದೆ ಅಂತ ಕಂಪ್ಲೇಂಟ್ ಬಂದಿತ್ತು, ಎಲ್ಲೋ ಮೈಲಿ ದೂರದಲ್ಲಿ ಕರೆಂಟ್ ತಂತಿ ತಾಗಿದ್ದು ಇವನಿಗೆ ಗೊತ್ತಿರ್ಲಿಲ್ಲ, ಬರಿಗೈಲಿ ಹಿಡಿದ. ಇವತ್ತಿಗೂ ಹೊಸ ಹುಡುಗರಿಗೆ ನಾನು ಹೇಳೋದು, ಫೋನ್ ವೈರ್ ಆದ್ರೂ ಮುಟ್ಟೋ ಮುಂಚೆ ಟೆಸ್ಟರ್ ಇಟ್ಟು ನೋಡ್ರೋ ಅಂತ.

ಆಫೀಸ್ ಒಳಗೆ ಫೋನಿಗೆ ಅಂತಲೇ ಬೇರೆ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ. ಕರೆಂಟ್ ಪೈಪಿನ ಜೊತೆ ಉದ್ದಕ್ಕೂ ಹೋಗ್ಬೇಕಾದ್ರೆ ಒಂದಡಿ ದೂರ ಬಿಡಿ, ದಾಟ್ಲೇಬೇಕಾದ ಕಡೆ ನೇರ ಅಡ್ಡ ದಾಟಿಸಿ. ಹಾಗೆ ಮಾಡಿದ್ರೆ ಫೋನಲ್ಲಿ ಗುಂಯ್ ಅನ್ನೋ ಸದ್ದೂ ಇರಲ್ಲ.

ಹುಬ್ಬಳ್ಳಿ ವೈರ್‌ಮನ್:

ಹಿರ್ಯಾರು ಹೇಳಿದ್ದು ಖರೇ ಐತ್ರಿ. ನಾ ಅರ್ಥಿಂಗ್ ಬಗ್ಗೆ ಅಷ್ಟ ಹೇಳ್ತೀನಿ, ಯಾಕಂದ್ರ ಮಂದಿ ಅದನ್ನ ಕಡೀಕೆ ಬಿಡ್ತಾರ.

ಮೊದಲ ಸಾಕೆಟ್ ಬಿಚ್ಚಿಸಿ ನೋಡ್ರಿ (ಮೇನ್ ಬಂದ್ ಮಾಡಿ ಮತ್ತ), ಮ್ಯಾಲಿನ ದೊಡ್ಡ ತೂತಿಗೆ ಹಸಿರ ವೈರ್ ಬಂದೈತೋ ಇಲ್ಲೋ. ಹಳೇ ಕಟ್ಟಡದಾಗ ಬಾಳ ಕಡೆ ಮೂರ್ ತೂತಿನ ಸಾಕೆಟ್ ಇರ್ತೈತಿ, ಹಿಂದ ಎರಡ ವೈರ್ ಇರ್ತಾವ. ಕೆಲವ್ರು ನ್ಯೂಟ್ರಲ್ ಮತ್ತ ಅರ್ಥ್ ಅಲ್ಲೇ ಒಂದ ತುಣುಕ ವೈರ್ ಹಾಕಿ ಕೂಡ್ಸಿರ್ತಾರ, ಅದು ಇನ್ನೂ ಕೆಟ್ಟ, ನ್ಯೂಟ್ರಲ್ ಕಡಿತು ಅಂದ್ರ ಕಬ್ಬಿಣದ ಬಾಡಿಗೆಲ್ಲಾ ಕರೆಂಟ್ ಬರ್ತೈತಿ. ಹಂಗ ಕಂಡ್ರ ತಗಸ್ರಿ.

ಅರ್ಥಿಂಗ್ ಪಿಟ್ (ಅರ್ಥ್ ರಾಡ್ ಹುಗಿಯೂ ಗುಂಡಿ) ಹೊಸಾದ ತೋಡ್ಸೂದಾದ್ರ ಒಂದ ಮಾತ ನೆನಪಿಡ್ರಿ. ನಿಮ್ಮ ಕಡೆ ಜಂಬಿಟ್ಟಿಗೆ ಮಣ್ಣು, ಮಳಿಗಾಲದಾಗ ಹಸೀ ಇರ್ತೈತಿ, ರೀಡಿಂಗ್ ಚಲೋ ಬರ್ತೈತಿ, ಬ್ಯಾಸಗ್ಯಾಗ ಒಣಗಿ ಕಲ್ಲ ಆಗ್ತೈತಿ. ಸಿಡಿಲ ಬಡಿಯೂದು ಏಪ್ರಿಲ್ ಮೇ ತಿಂಗಳದಾಗ, ಅಂದ್ರ ನೆಲ ಒಣಗಿದಾಗನ. ಅದಕ್ಕ ಬ್ಯಾಸಗ್ಯಾಗ ಅರ್ಥ್ ಟೆಸ್ಟರ್ ಹಚ್ಚಿ ಅಳೀರಿ, ಬಲ್ಬ್ ಹಚ್ಚಿ ನೋಡೂದು ಅಳತಿ ಅಲ್ಲ. 5 ಓಮ್ ಒಳಗ ಬಂದ್ರ ನಿಮ್ಮಂಥಾ ಆಫೀಸಿಗೆ ಸಾಕು. ಬರಲಿಲ್ಲ ಅಂದ್ರ ಮೂರ್ ಮೀಟರ್ ದೂರದಾಗ ಇನ್ನೊಂದ ಪಿಟ್ ಮಾಡಿ ಎರಡೂ ಪಟ್ಟಿ ಹಾಕಿ ಕೂಡ್ಸ್ರಿ.

ಇನ್ನೊಂದ್ರಿ. ಫೋನ್ ಡಬ್ಬಿಗೆ ಅಂತ ಬ್ಯಾರೇ ರಾಡ್ ಹೊಡದು ಅದನ್ನ ಕರೆಂಟಿನ ಅರ್ಥಿಗೆ ಕೂಡಿಸದ ಬಿಡ್ತಾರ, ಶುದ್ಧ ಅರ್ಥ್ ಬೇಕು ಅಂತ. ಹತ್ತಿರ ಸಿಡಿಲ ಬಿದ್ದಾಗ ಆ ಎರಡ ರಾಡಿನ ನಡುವ ಸಾವಿರಾರು ವೋಲ್ಟ್ ವ್ಯತ್ಯಾಸ ಆಗ್ತೈತಿ, ಅದು ಡಬ್ಬಿ ಒಳಗಿಂದನ ದಾಟ್ತೈತಿ. ಎಷ್ಟ ಪಿಟ್ ಇರವಲ್ಲವು, ಕಟ್ಟಡಕ್ಕೆಲ್ಲಾ ಒಂದ ಅರ್ಥ್ ಬಾರ್ (ಅರ್ಥ್ ವೈರ್ ಎಲ್ಲಾ ಕೂಡೂ ಲೋಹದ ಪಟ್ಟಿ), ಎಲ್ಲಾ ಅಲ್ಲೇ ಕೂಡಬೇಕು. ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನಾಗೇ ಬಂದ್ ಆಗೂ ಸ್ವಿಚ್) ಹಾಕ್ಸ್ರಿ. ಕೆಲಸಕ್ಕ ಲೈಸೆನ್ಸ್ ಇದ್ದಾವ್ರನ್ನ ಕರೀರಿ, ಅರ್ಧ ದಿನದಾಗ ಮುಗಸ್ತೀನಿ ಅನ್ನವ್ರನ್ನ ಬ್ಯಾಡ.

ನೆಟ್‌ವರ್ಕ್ ಕೆಲಸ ಬೆಂಗಳೂರು:

ಕಂಬ ಬೇಡ ಅಂದ್ರೆ ಗೋಡೌನಿಗೆ ಹೇಗೆ ಅಂತ ಯಾರೂ ಹೇಳಿಲ್ಲ, ನನಗನ್ಸೋ ಪ್ರಕಾರ ನಿಮ್ಮ ಅರ್ಧ ತೊಂದರೆ ಅದೇ 60 ಮೀಟರಲ್ಲಿದೆ. ಎರಡು ಕಟ್ಟಡದ ಮಧ್ಯೆ ತಾಮ್ರದ ವೈರ್ ಎಳೆದ್ರೆ ಸಿಡಿಲಿಗೆ ದಾರಿ ಮಾಡ್ಕೊಟ್ಟ ಹಾಗೆ, ಗೋಡೌನ್ ಹತ್ರ ಬಿದ್ದಿದ್ದು ನಿಮ್ಮ ಕೌಂಟರ್ ಮೇಲಿನ ಕಂಪ್ಯೂಟರಿಗೆ ಬರುತ್ತೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ಫೈಬರ್ ಹಾಕ್ಸಿ.

ಇನ್ನೂ ದುಡ್ಡು ಕೊಟ್ಟಿಲ್ಲ ಅಂದ್ರಲ್ಲ, ಒಳ್ಳೇದಾಯ್ತು. ಪೂರ್ತಿ ಅನಲಾಗ್ ಡಬ್ಬಿ ಬದಲು ಅನಲಾಗೂ (ಮಾಮೂಲಿ ಫೋನು) ಐಪಿನೂ (ನೆಟ್‌ವರ್ಕ್ ಕೇಬಲಲ್ಲಿ ನಡೆಯೋ ಫೋನು) ಎರಡೂ ಇರೋ ಸಣ್ಣ ಮಾಡೆಲ್ ಕೇಳಿ. ಆಫೀಸ್ ಒಳಗೆ ಮಾಮೂಲಿ ಫೋನು, ಗೋಡೌನಿಗೆ ಎರಡು ಮೀಡಿಯಾ ಕನ್ವರ್ಟರ್ (ಫೈಬರನ್ನ ಮಾಮೂಲಿ ನೆಟ್‌ವರ್ಕ್ ಕೇಬಲಿಗೆ ಕೂಡಿಸೋ ಸಣ್ಣ ಡಬ್ಬಿ) ಮಧ್ಯೆ ಫೈಬರ್, ಆ ಕಡೆ ಒಂದು ಐಪಿ ಫೋನು. ಅಲ್ಲೇ ಒಂದು ವೈಫೈ ರೂಟರ್ ಇಟ್ರೆ ವೈಫೈ ಕಾಲಿಂಗ್ ಇರೋ ಮೊಬೈಲೂ ಅಲ್ಲಿ ಕೆಲಸ ಮಾಡುತ್ತೆ.

ಆಫೀಸ್ ಒಳಗೆ ಫೋನಿಗೂ ಕ್ಯಾಟ್ 6 ಕೇಬಲೇ ಎಳೆಸಿ, ನಾಲ್ಕು ಜೋಡಿ ಇರುತ್ತೆ, ಒಂದು ಕೆಟ್ರೆ ಇನ್ನೊಂದಿದೆ, ನಾಳೆ ಐಪಿಗೆ ಹೋದ್ರೂ ಗೋಡೆ ಕೆಡವೋ ಹಾಗಿಲ್ಲ. ನೀಲಿ ಮತ್ತು ಬಿಳಿ-ನೀಲಿ ಜೋಡಿನೇ ಫೋನಿಗೆ ಬಳಸಿ, ಒಂದು ಜೋಡಿಯಿಂದ ಒಂದೆಳೆ ಇನ್ನೊಂದರಿಂದ ಒಂದೆಳೆ ತಗೋಬೇಡಿ, ಪಕ್ಕದ ರೂಮಿನ ಮಾತು ಕೇಳ್ಸುತ್ತೆ. ಡಬ್ಬಿ ಹತ್ರ ಕ್ರೋನ್ ಮಾಡ್ಯೂಲ್ (ವೈರ್ ಒತ್ತಿ ಕೂಡಿಸೋ ಪಟ್ಟಿ) ಹಾಕಿ, ಕ್ರೋನ್ ಟೂಲಲ್ಲೇ ಒತ್ತಿಸಿ, ಸ್ಕ್ರೂಡ್ರೈವರಲ್ಲಿ ಒತ್ತಿದ್ದು ಮೊದಲ ಮಳೆಗಾಲಕ್ಕೇ ಕಿಲುಬು ಹಿಡಿದು ಕರಕರ ಶುರು ಮಾಡುತ್ತೆ.

ಒಪ್ಸ್ಕೊಳ್ಳೋ ಮುಂಚೆ ಎರಡು ವಿಷಯ ನಿಮ್ಮ ಕಣ್ಮುಂದೆನೇ ಮಾಡಿ ತೋರಿಸ್ಲಿ. ಹೊರಗಿನವರು ಫೋನ್ ಇಟ್ಟಮೇಲೆ ಲೈನ್ ತಾನಾಗೇ ಬಿಡುತ್ತಾ, ಫೈಬರ್ ಡಬ್ಬಿ ಲೈನಲ್ಲಿ ಬಿಝಿ ಟೋನ್ ಸೆಟ್ಟಿಂಗ್ ಸರಿ ಇಲ್ದಿದ್ರೆ ಗಂಟೆಗಟ್ಲೆ ಲೈನ್ ಹಿಡ್ಕೊಂಡೇ ಇರುತ್ತೆ. ಆಮೇಲೆ ಪ್ರತಿ ಎಕ್ಸ್‌ಟೆನ್ಶನ್ನಿಂದ ತುರ್ತು ನಂಬರ್ 112 ಹೋಗುತ್ತಾ. ಎಸ್‌ಟಿಡಿ ಲಾಕ್ ಹಾಕೋವಾಗ ಅದನ್ನೂ ಸೇರಿಸಿ ಲಾಕ್ ಮಾಡಿರ್ತಾರೆ, ಗೋಡೌನಲ್ಲಿ ಯಾರಿಗಾದ್ರೂ ಏನಾದ್ರೂ ಆದ ದಿನ ಗೊತ್ತಾಗುತ್ತೆ. ಹೊರಗಿನ ಲೈನಿಗೆ 0 ಒತ್ತಬೇಕಾದ್ರೆ 0 ಒತ್ತಿ 112 ಅಂತ ಪ್ರತಿ ಫೋನ್ ಮೇಲೂ ಚೀಟಿ ಅಂಟಿಸಿ. ಫೈಬರ್ ಡಬ್ಬಿಗೂ ಇಪಿಎಬಿಎಕ್ಸಿಗೂ ಎರಡಕ್ಕೂ ಯುಪಿಎಸ್ ಬೇಕು, ಒಂದಕ್ಕೆ ಮಾತ್ರ ಕೊಟ್ಟು ಕರೆಂಟ್ ಹೋದಾಗ ಫೋನ್ ಸತ್ತೋಯ್ತು ಅನ್ನೋರೇ ಜಾಸ್ತಿ.

ಹಳೇ ಲೈನ್‌ಮನ್:

ಫೈಬರ್ ಒಪ್ತೀನಿ, ಆದ್ರೆ ಒಂದು ತಿದ್ದುಪಡಿ. ಅಂಗಡೀಲಿ ಫೈಬರ್ ಕೊಡಿ ಅಂದ್ರೆ ಕೊಡೋ ಕಪ್ಪು ಡ್ರಾಪ್ ಕೇಬಲಲ್ಲಿ ಎಷ್ಟೋ ಸಲ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತೆ. ಗಾಜಲ್ಲಿ ಸಿಡಿಲು ಬರಲ್ಲ, ಆ ತಂತೀಲಿ ಬರುತ್ತೆ. ಲೋಹ ಇಲ್ಲದ್ದು, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರೋದು ಅಂತಲೇ ಕೇಳಿ ತಗೊಳ್ಳಿ, ತುದಿ ಕತ್ತರಿಸಿ ನೋಡಿ. ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಲ್ಲಿ ನೆಲದೊಳಗೆ ಹಾಕ್ಸಿ, ಕಂಬದ ಸುದ್ದಿನೇ ಬೇಡ. ಬಜೆಟ್ ಸಾಲ್ದೆ ತಾಮ್ರನೇ ಹಾಕೋದಾದ್ರೆ ನೆಲದೊಳಗಿನ ಜೆಲ್ಲಿ ಕೇಬಲ್ (ನೀರು ಇಳೀದ ಹಾಗೆ ಒಳಗೆ ಜೆಲ್ಲಿ ತುಂಬಿದ್ದು), ಎರಡೂ ತುದಿಗೆ ಗ್ಯಾಸ್ ಟ್ಯೂಬ್ ಇರೋ ಪ್ರೊಟೆಕ್ಟರ್ (ಸಿಡಿಲಿನ ಜೋರನ್ನ ಅರ್ಥಿಗೆ ಇಳಿಸೋದು), ಆಯಾ ಕಟ್ಟಡದ ಅರ್ಥಿಗೆ ಕೂಡಿಸಿ. ಒಂದೇ ತುದಿಗೆ ಹಾಕಿ ಸುಮ್ನಾಗ್ಬೇಡಿ.

ಅಡಿಕೆಸೀಮೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಲೈನ್‌ಮನ್ ಸರ್, ಆ ಹುಡುಗನ ವಿಷಯ ಓದಿ ಮನಸ್ಸಿಗೆ ಕಷ್ಟ ಆಯ್ತು, ಕಾರ್ಯದರ್ಶಿಗಳಿಗೂ ಓದಿ ಹೇಳ್ದೆ, ಕಂಬದ ಮಾತು ಅಲ್ಲಿಗೇ ನಿಲ್ತು. ಇವತ್ತು ಲೈಸೆನ್ಸ್ ಇರೋ ಒಬ್ರನ್ನ ಕರ್ಸಿ ಮೇನ್ ಆಫ್ ಮಾಡ್ಸಿ ನಾಲ್ಕು ಸಾಕೆಟ್ ಬಿಚ್ಸಿದೆ. ಮೂರರಲ್ಲಿ ಅರ್ಥ್ ವೈರೇ ಇಲ್ಲ, ಲಾಕರ್ ರೂಮಿಂದರಲ್ಲಿ ಹುಬ್ಬಳ್ಳಿಯವರು ಹೇಳಿದ ಹಾಗೇ ನ್ಯೂಟ್ರಲ್ಲಿಗೆ ತುಂಡು ವೈರ್ ಹಾಕಿ ಕೂಡ್ಸಿದ್ರು. ತಕ್ಷಣ ತೆಗೆಸ್ದೆ. ಡಬ್ಬಿ ಆರ್ಡರ್ ಮುಂದಕ್ಕೆ ಹಾಕಿದೀವಿ, ಮೊದ್ಲು ಪಿಟ್ಟು, ಅರ್ಥ್ ವೈರು. ಒಂದೇ ಡೌಟು, ಈಗ ಕಂಪ್ಯೂಟರಿಗೆ ಸ್ಪೈಕ್ ಗಾರ್ಡ್ ಇದ್ಯಲ್ಲ, ಅಲ್ಲಿವರೆಗೂ ಅದು ಕಾಯುತ್ತಾ?

ಹುಬ್ಬಳ್ಳಿ ವೈರ್‌ಮನ್:

ಇಲ್ರಿ. ಸ್ಪೈಕ್ ಗಾರ್ಡ್ ಸಿಡಿಲಿನ ಜೋರನ್ನ ಅರ್ಥಿಗೆ ಇಳಿಸ್ಬೇಕು, ಅರ್ಥ್ ಇಲ್ಲ ಅಂದ್ರ ಇಳಿಸೂದು ಎಲ್ಲಿಗ್ರಿ. ಅಲ್ಲೀತನಕ ಮೋಡ ಕವಿತು ಅಂದ್ರ, ಗುಡುಗ ಶುರು ಆಗೂಕಿಂತ ಮೊದಲ, ಪ್ಲಗ್ಗೂ ಕೀಳ್ರಿ, ಮೋಡೆಮ್‌ನಿಂದ ಬರೂ ಲ್ಯಾನ್ ವೈರೂ ಕೀಳ್ರಿ. ಬರೇ ಸ್ವಿಚ್ ಬಂದ್ ಮಾಡಿದ್ರ ಸಾಲೂದಿಲ್ಲ. ಪಿಟ್ ಆದಮ್ಯಾಗ ರೀಡಿಂಗ್ ಎಷ್ಟ ಬಂತು ಇಲ್ಲೇ ಹಾಕ್ರಿ, ಜಾಸ್ತಿ ಬಂದಿದ್ರ ಏನ ಮಾಡ್ಬೇಕು ಹೇಳ್ತೀನಿ.