ಪದಚರ್ಚೆ: ಸಭೆಯ ಮುಂದಾಳುಗಳ ‘ಕೋಚಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಕ್ರೈಸ್ತ ಸಭೆಯ (ಚರ್ಚಿನ) ಹಿರಿಯರಿಗಾಗಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ‘ಲೀಡರ್‌ಶಿಪ್ ಕೋಚಿಂಗ್’ ಎಂಬುದಕ್ಕೆ ಕರಡಿನಲ್ಲಿ ಒಂದು ಕಡೆ ತರಬೇತಿ, ಇನ್ನೊಂದು ಕಡೆ ಮಾರ್ಗದರ್ಶನ, ಮತ್ತೊಂದು ಕಡೆ ಶಿಷ್ಯತ್ವ ಎಂದಿದೆ. ಮೂರೂ ಒಂದೆಯೇ? ಕೋಚಿಂಗ್ ಎಂದೇ ಬಿಟ್ಟರೆ ಸಿಇಟಿ, ನೀಟ್ ಟ್ಯೂಷನ್ ನೆನಪಾಗುತ್ತದೆ ಎಂಬ ಆಕ್ಷೇಪವೂ ಇದೆ.

ಉತ್ತರ 1: ಒಂದೇ ಅಲ್ಲ. ತರಬೇತಿಗೆ ಪಾಠ ಮೊದಲೇ ತಯಾರಿರುತ್ತದೆ, ಇಪ್ಪತ್ತು ಜನರನ್ನು ಒಟ್ಟಿಗೆ ಕೂರಿಸಬಹುದು: ಪ್ರಸಂಗ (ಆರಾಧನೆಯ ಉಪದೇಶ) ಸಿದ್ಧಪಡಿಸುವುದು, ಕಾಣಿಕೆಯ ಲೆಕ್ಕ ಬರೆಯುವುದು ಇಂಥವಕ್ಕೆ ಸರಿ. ಮಾರ್ಗದರ್ಶನದಲ್ಲಿ ಅನುಭವಸ್ಥರು ದಾರಿ ಹೇಳುತ್ತಾರೆ. ಬೈಬಲಿನ ವಿಮೋಚನಕಾಂಡ 18ರಲ್ಲಿ ಮಾವ ಇತ್ರೋನು ಮೋಶೆಗೆ, ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಅಧಿಪತಿಗಳನ್ನು ನೇಮಿಸು ಎಂದದ್ದು ಅಪ್ಪಟ ಮಾರ್ಗದರ್ಶನ. ಶಿಷ್ಯತ್ವವಂತೂ ಪ್ರತಿ ವಿಶ್ವಾಸಿಗೂ ಸೇರಿದ್ದು, ಮುಂದಾಳುಗಳಿಗೆ ಮೀಸಲಿಡಬೇಡಿ.

ಕೋಚಿಂಗ್‌ನಲ್ಲಿ ಪ್ರಶ್ನೆಯೇ ಹೆಚ್ಚು, ಉಪದೇಶ ಕಡಿಮೆ. ಎರಡು ಮೂರು ವಾರಕ್ಕೊಮ್ಮೆ ಸುಮಾರು ಒಂದು ಗಂಟೆ, ಕೋಚ್ ಮತ್ತು ಒಬ್ಬ ಹಿರಿಯರು ಇಬ್ಬರೇ. ಕಳೆದ ಸಲ ಒಪ್ಪಿಕೊಂಡದ್ದು ಏನಾಯಿತು? ಈಗ ತೊಡಕು ಎಲ್ಲಿದೆ? ದೇವರ ವಾಕ್ಯದಲ್ಲಿ, ಪ್ರಾರ್ಥನೆಯಲ್ಲಿ ಏನು ಹೊಳೆಯಿತು? ಮುಂದೇನು ಮಾಡುತ್ತೀರಿ? ಎದ್ದೇಳುವ ಮೊದಲು ಒಂದೇ ಕೆಲಸ, ಅದಕ್ಕೊಂದು ತಾರೀಕು. ಬರೆದುಕೊಳ್ಳಬೇಕಾದವರು ಆ ಹಿರಿಯರೇ. ಇದನ್ನು ‘ಮಾರ್ಗದರ್ಶನ’ ಎಂದು ಕರೆದಿರೋ, ಉತ್ತರ ಅಯ್ಯನವರೇ (ಪಾಸ್ಟರೇ) ಹೇಳಲಿ ಎಂದು ಹಿರಿಯರು ಸುಮ್ಮನೆ ಕೂರುತ್ತಾರೆ, ಅಯ್ಯನವರೂ ಪ್ರಸಂಗ ಶುರುಮಾಡುತ್ತಾರೆ! ‘ಆಪ್ತಸಮಾಲೋಚನೆ’ಯೂ ಹೊಂದದು, ಅದು ಮನಸ್ಸಿನ ನೋವಿಗೆ. ಅಂಥ ನೋವು ಎದುರಾದರೆ ಕೋಚಿಂಗ್ ನಿಲ್ಲಿಸಿ ತಿಳಿದವರ ಬಳಿ ಕಳಿಸಬೇಕು. ಹಾಗೆಯೇ ವರ್ಗಾವಣೆ, ಸಂಬಳ ತೀರ್ಮಾನಿಸುವವರು ಈ ಕೆಲಸಕ್ಕೆ ಕೂರಬಾರದು. ಅವರ ಮುಂದೆ ಯಾರೂ ತಮ್ಮ ತೊಡಕು ಬಿಚ್ಚಿಡುವುದಿಲ್ಲ.

ಉತ್ತರ 2: ನಾಮಪದದ ಬೆನ್ನು ಬಿದ್ದಿರುವುದೇ ತೊಂದರೆ. ಎಫೆಸ 4:12ರಲ್ಲಿ ದೇವಜನರನ್ನು ‘ಯೋಗ್ಯಸ್ಥಿತಿಗೆ ತರುವ’ ಕೆಲಸ ಎಂದಿದೆ. ಅಲ್ಲಿನ ಗ್ರೀಕ್ ಪದ ‘ಕತಾರ್ತಿಸ್ಮೊಸ್’. ಅದರ ಕ್ರಿಯಾಪದವೇ ಮತ್ತಾಯ 4:21ರಲ್ಲಿ ಬಲೆ ಸರಿಮಾಡುವುದಕ್ಕೂ, ಗಲಾತ್ಯ 6:1ರಲ್ಲಿ ತಪ್ಪಿದವನನ್ನು ಸರಿಪಡಿಸುವುದಕ್ಕೂ ಬಂದಿದೆ. ಪಾಠ ಒಪ್ಪಿಸುವ ಅರ್ಥ ಅದರಲ್ಲಿಲ್ಲ, ಇದ್ದುದನ್ನೇ ಬಳಕೆಗೆ ಬರುವಂತೆ ಮಾಡುವ ಅರ್ಥವಿದೆ. ಸುವಾರ್ತಾ ಪ್ರಯಾಣಕ್ಕೆ ಅಪೊಸ್ತಲ ಪೌಲನು ಬೇಡವೆಂದ ಮಾರ್ಕನನ್ನು ಜೊತೆಗಾರ ಬಾರ್ನಬನು ತನ್ನ ಜೊತೆ ಕುಪ್ರಕ್ಕೆ (ಸೈಪ್ರಸ್‌ಗೆ) ಕರೆದೊಯ್ದ (ಅಪೊಸ್ತಲರ ಕೃತ್ಯಗಳು 15:39). ಮುಂದೆ ಅದೇ ಪೌಲನು ಮಾರ್ಕನನ್ನು ಕರೆತಾ, ಸೇವೆಗೆ ಉಪಯುಕ್ತನು ಎಂದು ಬರೆಯುತ್ತಾನೆ (2 ತಿಮೊಥೆಯ 4:11). ಬಾರ್ನಬನು ಮಾಡಿದ್ದಕ್ಕೆ ‘ಜೊತೆಗಿದ್ದು ಬೆಳೆಸುವುದು’ ಎಂದರೆ ಯಾವ ಹಳ್ಳಿಯ ಸಭೆಗೂ ಅರ್ಥವಾದೀತು. ಶೀರ್ಷಿಕೆಯಲ್ಲಿ ಒಮ್ಮೆ ಕೋಚಿಂಗ್ ಎಂದು ಹಾಕಿ, ಒಳಗೆಲ್ಲ ಈ ಕ್ರಿಯಾಪದವನ್ನೇ ಬಳಸಿ.

‘ಕೋಚ್’ಗೆ ಒಡನಾಡಿ ಎನ್ನಬಹುದು. ಎದುರು ಕೂತವರನ್ನು ಮಾತ್ರ ‘ಶಿಷ್ಯ’ ಎನ್ನಬೇಡಿ: ಮತ್ತಾಯ 23:8ರ ಪ್ರಕಾರ ಬೋಧಕನು ಒಬ್ಬನೇ, ಉಳಿದವರೆಲ್ಲ ಸಹೋದರರು. ಕೈಪಿಡಿಯಲ್ಲಿ ‘ಹಿರಿಯರು’ ಎಂದರೆ ಸಾಕು.