ಕಾಚಂಪುಳಿ ಕುಡಿದ ಲೆಟ್ಯೂಸು

"ಪಂದಿ ಕರಿಗೆ ಹಾಕುವುದನ್ನು ಲೆಟ್ಯೂಸಿಗೆ ಯಾರು ಹಾಕ್ತಾರೆ ಮಾರಾಯ?"

ಕಾವೇರಕ್ಕನ ಪ್ರಶ್ನೆಗೆ, ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲೇ ಲೆಟ್ಯೂಸ್ ಬೆಳೆಸಲು ಹೊರಟಿದ್ದ ಕುಟ್ಟನ ಹತ್ತಿರ ಉತ್ತರ ರೆಡಿ ಇತ್ತು. ನೀರಿನ ಪಿಎಚ್ (ಹುಳಿ ಹೆಚ್ಚಾದಷ್ಟೂ ಇಳಿಯುವ ಅಂಕಿ) 7.4 ತೋರಿಸ್ತು, ಅದು 6ರ ಆಸುಪಾಸಿಗೆ ಇಳೀಬೇಕು, ಮನೆಯಲ್ಲಿ ಹುಳಿ ಅಂತ ಇದ್ದದ್ದು ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಒಂದೇ. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಟ್ರೇಯಲ್ಲಿ ಮಾತ್ರ ಸುಲಭ. ಇಪ್ಪತ್ನಾಲ್ಕು ಸ್ಪಂಜಿನ ತುಂಡುಗಳಲ್ಲಿ ಒಂಬತ್ತು ಸಸಿ ಅಂಗಾತ ಮಲಗಿದ್ದವು. ನಿಂತವುಗಳಲ್ಲಿ ಅರ್ಧಕ್ಕೆ ಎಲೆಯಂಚು ಸುಟ್ಟು ಕಂದಾಗಿತ್ತು. ಒಂದಂತೂ ಬೀಜದ ಸಿಪ್ಪೆಯನ್ನು ತಲೆ ಮೇಲೆ ಹೊತ್ತು ಇತ್ತ ಎಲೆಯೂ ಬಿಡದೆ ಅತ್ತ ಸಾಯದೆ ನಿಂತಿತ್ತು.

"ಟೋಪಿ ಹಂತ," ಎಂದ ಕಾಫಿ ನರ್ಸರಿಯ ಬೋಪಣ್ಣ, ಗುರುತಿನವರು ಸಿಕ್ಕಿದ ಖುಷಿಯಲ್ಲಿ.

"ಕಾಫಿಗೆ ಅದು ಹಂತ ಬೋಪಣ್ಣ, ಲೆಟ್ಯೂಸಿಗೆ ಅದು ರಗಳೆ," ಎಂದಳು ಕಾವೇರಕ್ಕ. "ಸಿಪ್ಪೆ ಒಣಗಿ ಬಿಗಿಯಾಗಿದೆ. ಬೀಜ ತೀರಾ ಮೇಲ್ಗಡೆ ಇಟ್ಟರೆ ಹೀಗಾಗುತ್ತೆ. ಒಂದು ಹನಿ ನೀರು ಬಿಡು, ಹತ್ತು ನಿಮಿಷ ನೆನೀಲಿ, ಆಮೇಲೆ ಚಿಮುಟದಲ್ಲಿ ಮೆಲ್ಲ ಎಳಿ. ಒಣಗಿದ್ದಾಗಲೇ ಎಳೆದೆಯೋ, ಟೋಪಿ ಜೊತೆ ತಲೆಯೂ ಬರುತ್ತೆ."

ಮೇಷ್ಟ್ರಿಗೆ ಟೋಪಿಯ ವಿಷಯ ಬೇಕಿರಲಿಲ್ಲ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವರ ಮುಂದೆ ಯಾರೋ ಕಾಚಂಪುಳಿಯಲ್ಲಿ ಪಿಎಚ್ ಇಳಿಸಿದ್ದೇನೆ ಅಂದರೆ ಅವರು ಸುಮ್ಮನೆ ಕೂರುವವರಲ್ಲ.

"ಇಳೀತಾ?"

"ಇಳೀತು ಮೇಷ್ಟ್ರೇ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಮೇಲೆ."

"ಹತ್ತದೆ ಇನ್ನೇನು! ಅದು ಸಾವಯವ ಆಮ್ಲ. ನಿಂಬೆರಸ, ವಿನೆಗರ್, ಎಲ್ಲ ಒಂದೇ ಜಾತಿ. ನೀರಿನಲ್ಲಿರುವ ಬ್ಯಾಕ್ಟೀರಿಯಕ್ಕೆ ಅದು ಊಟ. ಉಂಡು ಮುಗಿಸಿದ ಮೇಲೆ ಹುಳಿ ಎಲ್ಲಿ ಉಳೀತದೆ? ಪಿಎಚ್ ವಾಪಸ್, ಊಟ ಮಾಡಿದವರ ಸಂಸಾರ ಮಾತ್ರ ಬೆಳೆದಿರುತ್ತೆ. ಟ್ರೇ ತಳದಲ್ಲಿ ಲೋಳೆ ಇದೆಯಲ್ಲ, ಅದೇ ಆ ಸಂಸಾರ. ಇದಕ್ಕೆ ಫಾಸ್ಫಾರಿಕ್ ಆಮ್ಲ ಬೇಕು, 'ಪಿಎಚ್ ಡೌನ್' ಅಂತ ಬಾಟಲಿಯಲ್ಲಿ ಸಿಗುತ್ತೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ."

"ಎಷ್ಟು ಹಾಕಬೇಕು?"

"ಹನಿ ಲೆಕ್ಕ. ನಿಮ್ಮ ಬಾವಿಯ ನೀರಿನ ಟಿಡಿಎಸ್, ಅಂದರೆ ಕರಗಿದ ಉಪ್ಪಿನ ಲೆಕ್ಕ, ಎಷ್ಟು?"

"18."

"ನೋಡಿದೆಯಾ, ಮಳೆನೀರಿಗೂ ಅದಕ್ಕೂ ಭಾರಿ ವ್ಯತ್ಯಾಸ ಇಲ್ಲ. ಅದರಲ್ಲಿ ಬೈಕಾರ್ಬನೇಟ್ ತೀರಾ ಕಡಿಮೆ, ಆಮ್ಲವನ್ನು ತಡೆದು ನಿಲ್ಲಿಸುವವರೇ ಇಲ್ಲ. ಎರಡು ಹನಿ ಹೆಚ್ಚಾದರೆ ಸೀದಾ ನಾಲ್ಕಕ್ಕೆ ಬೀಳುತ್ತೆ. ಒಂದು ಹನಿ, ಕಲಕು, ಒಂದು ನಿಮಿಷ ಕಾಯಿ, ಅಳೆ. ಅದಕ್ಕೂ ಮೊದಲು ಇನ್ನೊಂದು: ಬರೀ ನೀರಿನ ಪಿಎಚ್ ಅಳೆದು ಯಾಕೆ ತಲೆಬಿಸಿ ಮಾಡಿಕೊಂಡೆ? ಗೊಬ್ಬರ ಕರಗಿಸಿದ ಮೇಲೆ ಅಳೀಬೇಕು. ಇಂಥ ಮೆದು ನೀರಿನಲ್ಲಿ ಗೊಬ್ಬರ ಬಿದ್ದರೆ ಅದೇ ಆರರ ಹತ್ತಿರ ಬಂದು ಕೂರುವುದೂ ಉಂಟು. 5.5ರಿಂದ 6.5ರ ಒಳಗೆ ಇದ್ದರೆ ಕೈ ಹಾಕಬೇಡ."

ಮೀಟರ್ ಎಲ್ಲಿ ಅಂದಾಗ ಕುಟ್ಟ ಜೇಬಿನಿಂದ ಪಿಎಚ್ ಅಳೆಯುವ ಪೆನ್ನು ತೆಗೆದ. ತುದಿಯ ಗಾಜಿನ ಗುಂಡು ಒಣಗಿ ಬಿಳಿ ಪುಡಿ ಕಟ್ಟಿತ್ತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, ಪರೀಕ್ಷೆಯಲ್ಲಿ ಫೇಲಾದವನ ಉತ್ತರಪತ್ರಿಕೆ ತಿರುಗಿಸಿದಂತೆ ಎರಡು ಸಲ ತಿರುಗಿಸಿದರು. ಈ ಗುಂಡು ಯಾವಾಗಲೂ ಒದ್ದೆ ಇರಬೇಕು, ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ನಾಲ್ಕು ಹನಿ. ಒಂದು ರಾತ್ರಿ ಅದರಲ್ಲೇ ನೆನೆಸಿಟ್ಟರೆ ಬದುಕಿದರೂ ಬದುಕಬಹುದು. ಆಮೇಲೆ ಪಿಎಚ್ ಗೊತ್ತಿರುವ, 6.86 ಮತ್ತು 4.01ರ ಪುಡಿ ಪ್ಯಾಕೆಟ್ಟು, ತಲಾ 250 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಎರಡರಲ್ಲೂ ಅದ್ದಿ ಹೊಂದಿಸಬೇಕು. ಡಿಸ್ಟಿಲ್ಡ್ ನೀರು ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತೆ.

"ಬ್ಯಾಟರಿ *ನೀರು*," ಎಂದು ಒತ್ತಿ ಹೇಳಿದಳು ಕಾವೇರಕ್ಕ. "ಆಸಿಡ್ ತಂದು ಇಟ್ಟೀಯ. ಕಾಚಂಪುಳಿ ಹಾಕಿದ ಕೈ ಅದು."

ಇನ್ನೊಂದು ಪೆನ್ನೂ ಇತ್ತು, ಟಿಡಿಎಸ್ಸಿನದು. ಟ್ರೇ ನೀರಿಗೆ ಅದ್ದಿದರೆ 1350.

"ಹದಿಮೂರು ಇಂಚು ಐವತ್ತು ಸೆಂಟು," ಎಂದ ಬೋಪಣ್ಣ. ಬೆಳಗ್ಗೆ ಎದ್ದು ಮಳೆಮಾಪಕ ನೋಡಿದ ಮೇಲೇ ಕಾಫಿ ಕುಡಿಯುವ ಜನಕ್ಕೆ ಯಾವ ಅಂಕಿಯೂ ಮಳೆಯೇ.

"ಅಷ್ಟು ಬಂದರೆ ಗುಡ್ಡ ಕುಸೀತದೆ. ಇಲ್ಲಿ ಕುಸಿದದ್ದು ಸಸಿ," ಎಂದಳು ಕಾವೇರಕ್ಕ. "ಬೀಜದೊಳಗೇ ಅದಕ್ಕೆ ಬುತ್ತಿ ಕಟ್ಟಿಕೊಟ್ಟಿರುತ್ತೆ ಕುಟ್ಟ. ಬೀಜದಳ ಎರಡೂ ಅಗಲವಾಗಿ ಬಿಚ್ಚಿ, ನಡುವೆ ಮೊದಲ ನಿಜವಾದ ಎಲೆ ಇಣುಕುವವರೆಗೆ ಬರೀ ನೀರು ಸಾಕು. ಆಮೇಲೆ ಗೊಬ್ಬರ, ಇಸಿ 0.5ರಿಂದ 0.8; ಇಸಿ ಅಂದರೆ ಕರಗಿದ ಉಪ್ಪನ್ನು ನೀರಿನಲ್ಲಿ ಕರೆಂಟು ಹರಿಯುವುದರಿಂದ ಅಳೆದದ್ದು. ನಿನ್ನ ಪೆನ್ನು ಅರ್ಧದ ಲೆಕ್ಕದ್ದು, ಇಸಿ 1 ಇದ್ದರೆ 500 ತೋರಿಸುತ್ತೆ, ಅಂದರೆ 250ರಿಂದ 400. ಈಗ ಇರುವುದು 2.7! ದೊಡ್ಡ ಟೊಮೆಟೊ ಗಿಡಕ್ಕಾದರೆ ಸರಿ. ಉಪ್ಪು ಇಷ್ಟು ಗಟ್ಟಿಯಾದರೆ ಎಳೆ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ನೀರಲ್ಲೇ ನಿಂತು ಬಾಯಾರಿಕೆ. ಎಲೆಯಂಚು ಸುಟ್ಟದ್ದು ಅದಕ್ಕೆ."

"ಡಬ್ಬದ ಮೇಲೆ ಬರೆದಷ್ಟೇ ಹಾಕಿದ್ದು ಅಕ್ಕ."

"ಡಬ್ಬದ ಮೇಲೆ ಬರೆದದ್ದು ಬೆಳೆದ ಗಿಡಕ್ಕೆ. ಒಂದು ಲೀಟರ್ ಇದಕ್ಕೆ ಮೂರು ಲೀಟರ್ ಬಾವಿನೀರು ಸೇರಿಸಿದರೆ 350ಕ್ಕೆ ಬರುತ್ತೆ. ಆದರೆ ಇದನ್ನು ಉಳಿಸಬೇಡ, ಲೋಳೆಯ ನೀರು. ಕಾಫಿ ಗಿಡಕ್ಕೆ ಚೆಲ್ಲು."

"ನಮ್ಮ ಕಾಫಿ ಎಂತ ತಪ್ಪು ಮಾಡಿದೆ?" ಅಂದ ಬೋಪಣ್ಣ.

ಹೊಸದಾಗಿ ಕಲಸುವಾಗ ಎ ಮತ್ತು ಬಿ ಎರಡು ಬಾಟಲಿ ಯಾಕಿದೆ ಅನ್ನುವುದನ್ನು ಮೇಷ್ಟ್ರು ಬಿಡಲಿಲ್ಲ. ಎಯಲ್ಲಿ ಕ್ಯಾಲ್ಸಿಯಂ ನೈಟ್ರೇಟು, ಬಿಯಲ್ಲಿ ಸಲ್ಫೇಟು ಮತ್ತು ಫಾಸ್ಫೇಟು. ಗಟ್ಟಿಯಾಗಿರುವಾಗಲೇ ಎರಡನ್ನೂ ಒಂದೇ ಲೋಟಕ್ಕೆ ಸುರಿದರೆ ಕ್ಯಾಲ್ಸಿಯಂ ಹೋಗಿ ಅವೆರಡರ ಕೈ ಹಿಡಿದು ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತೆ. ಮತ್ತೆ ಕರಗಲ್ಲ, ಗಿಡಕ್ಕೂ ಸಿಗಲ್ಲ. ಬಕೆಟ್ ತುಂಬ ನೀರು ಇಟ್ಟು ಮೊದಲು ಎ, ಚೆನ್ನಾಗಿ ಕಲಕಿ ಆಮೇಲೆ ಬಿ. ಎರಡಕ್ಕೂ ಬೇರೆ ಬೇರೆ ಅಳತೆ ಚಮಚ.

"ಈಗ ಬಿದ್ದವರ ವಿಷಯ ನೋಡುವ," ಎಂದು ಬೋಪಣ್ಣ ಕನ್ನಡಕ ಏರಿಸಿದ. ಸಸಿಮಡಿಯ ಮುಂದೆ ಕೂತು ಸತ್ತವರನ್ನು ಎಣಿಸುವುದು ಅವನ ಕಸುಬು, ಮಣ್ಣಿದ್ದರೂ ಸರಿ ಸ್ಪಂಜಿದ್ದರೂ ಸರಿ. ಒಂದನ್ನು ಎರಡು ಉಗುರಿನಲ್ಲಿ ಎತ್ತಿದ. ಸ್ಪಂಜಿನ ಮಟ್ಟದಲ್ಲಿ ಕಾಂಡ ನೂಲಿನಷ್ಟು ಸಣ್ಣಗಾಗಿ, ಗಾಜಿನ ಹಾಗೆ ನೀರು ತುಂಬಿ, ಕಂದುಗಟ್ಟಿತ್ತು. ಮೇಲಿನ ಎಲೆ ಇನ್ನೂ ಹಸಿರೇ. "ಇದು ಬುಡ ಕೊಳೆ. ಪಿಥಿಯಂ, ರೈಜೋಕ್ಟೋನಿಯ, ನಮ್ಮ ಮಡಿಯಲ್ಲಿ ಬರುವ ಅದೇ ಗಿರಾಕಿಗಳು. ಇದಕ್ಕೆ ಮದ್ದಿಲ್ಲ. ಸ್ಪಂಜಿನ ಸಮೇತ ತೆಗೆದು ಹೊರಗೆ ಹಾಕು, ಪಕ್ಕದವನಿಗೆ ಅಂಟುವ ಮೊದಲು."

ಇನ್ನೊಂದನ್ನು ಎತ್ತಿದ. ಅದರ ಕಾಂಡ ಬುಡದಿಂದ ತುದಿವರೆಗೆ ಗಟ್ಟಿ, ಬಣ್ಣವೂ ಸರಿ, ಆದರೆ ಎರಡಿಂಚು ಉದ್ದ. "ಇವನಿಗೆ ರೋಗ ಇಲ್ಲ. ಬೆಳಕು ಹುಡುಕಿಕೊಂಡು ಹೋಗಿ ಸೋತು ಬಿದ್ದಿದ್ದಾನೆ. ಎರಡೂ ಬಿದ್ದದ್ದೇ, ಆದರೆ ಇವನಿಗೆ ಮದ್ದು ಹೊಡೆದರೂ ಅವನಿಗೆ ಲೈಟು ಹಾಕಿದರೂ ಪ್ರಯೋಜನ ಇಲ್ಲ. ಬುಡ ಮುಟ್ಟಿ ನೋಡಿ ಹೇಳಬೇಕು."

ಕೊಳೆ ಬಂದದ್ದು ಯಾಕೆ ಅನ್ನುವುದಕ್ಕೆ ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಕಕ್ಕಡ ತಿಂಗಳು, ಕೊಡಗಿನ ಜಡಿಮಳೆಯ ಕಾಲ. ಹೊರಗೆ ತೋಟದಲ್ಲಿ ಕಾಫಿಗೂ ಅಡಿಕೆಗೂ ಕೊಳೆರೋಗ, ಗೋಡೆಗೆ ಬೂಷ್ಟು, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು. ಇಂಥ ತಿಂಗಳಲ್ಲಿ ಕುಟ್ಟ ಟ್ರೇಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ತೇವ ಸಾಲದು ಅಂತ ದಿನಕ್ಕೆ ಮೂರು ಸಲ ಸ್ಪ್ರೇ ಹೊಡೆದಿದ್ದ.

"ಮಡಿಕೇರಿಯಲ್ಲಿ ಕೂತು ಗಾಳಿಗೆ ತೇವ ಸೇರಿಸ್ತೀಯಲ್ಲ, ನಿನಗೆ ಎಂತ ಹೇಳುವುದು!" ಎಂದಳು ಕಾವೇರಕ್ಕ. "ಮೊಳಕೆ ಕಾಣುವವರೆಗೆ ಮುಚ್ಚಳ, ಅರ್ಧದಷ್ಟು ಎದ್ದವು ಅಂದ ದಿನವೇ ತೆಗಿ. ಸ್ಪಂಜಿನ ಮೇಲ್ಮೈ ಮುಟ್ಟಿದರೆ ಬೆರಳು ಒದ್ದೆಯಾಗಬಾರದು, ತಣ್ಣಗೆ ಅನಿಸಬೇಕು ಅಷ್ಟೆ. ನೀರು ಕೆಳಗಿನಿಂದ ಕೊಡು, ಸ್ಪಂಜಿನ ತಳ ಮುಟ್ಟುವಷ್ಟು. ಮೇಲೆಲ್ಲ ಹಸಿರು ಪಾಚಿ ಕಟ್ಟಿದೆ ನೋಡು, ಒದ್ದೆ ಮತ್ತೆ ಬೆಳಕು ಒಂದೇ ಕಡೆ ಸಿಕ್ಕಿದ್ದಕ್ಕೆ. ಒಂದು ಸಣ್ಣ ಫ್ಯಾನ್ ಇಡು, ಎಲೆ ಅಲ್ಲಾಡಿದರೆ ಸಾಕು, ಹಾರಬಾರದು."

ಫ್ಯಾನಿನ ವಿಷಯಕ್ಕೆ ಮೇಷ್ಟ್ರು ಒಂದು ಅಡಿಟಿಪ್ಪಣಿ ಸೇರಿಸಿದರು. ಕೊಡಗಿನ ಮಳೆಗಾಲದಲ್ಲಿ ಗಾಳಿ ನಿಂತರೆ ಎಲೆಯಿಂದ ನೀರು ಆವಿಯಾಗುವುದು ತೀರಾ ಕಮ್ಮಿ. ಕ್ಯಾಲ್ಸಿಯಂ ಬೇರಿನಿಂದ ಮೇಲೆ ಹೋಗುವುದು ಆ ನೀರಿನ ಓಟದಲ್ಲೇ, ಬೇರೆ ಬಸ್ಸಿಲ್ಲ. ಬಕೆಟ್ಟಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದ್ದರೂ ಒಳಗಿನ ಎಳೆ ಎಲೆಯ ತುದಿ ಕಪ್ಪಾಗುತ್ತೆ. ಅದನ್ನು ಕಂಡು ಇನ್ನಷ್ಟು ಗೊಬ್ಬರ ಸುರಿದವರಿಗೆ ಲೆಕ್ಕವಿಲ್ಲ. ಬೇಕಾದದ್ದು ಫ್ಯಾನು.

ಟ್ರೇ ತೊಳೆಯುವುದಕ್ಕೆ ಮನೆಯ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು, ಅರ್ಧ ಗಂಟೆ ನೆನೆಸಿ, ವಾಸನೆ ಹೋಗುವವರೆಗೆ ತೊಳೆದು ಒಣಗಿಸಬೇಕು. ಬ್ಲೀಚಿಗೆ ಪಿಎಚ್ ಡೌನ್ ಸೋಕಿದರೆ ಕ್ಲೋರಿನ್ ಅನಿಲ ಬರುತ್ತೆ, ಹಾಗಾಗಿ ಎರಡನ್ನೂ ಒಂದೇ ದಿನ ಹೊರಗೆ ತೆಗೀಬೇಡ ಅಂದರು ಮೇಷ್ಟ್ರು. ಕುಟ್ಟನ ಮಟ್ಟಿಗೆ ಒಂದೇ ಕೋಣೆಯಲ್ಲೂ ಬೇಡ.

"ಲೈಟು ಚೆನ್ನಾಗಿಯೇ ಇದೆಯಲ್ಲ," ಎಂದು ಕುಟ್ಟ ತಿರುಗಿಬಿದ್ದ. ಅದೊಂದೇ ಅವನು ದುಡ್ಡು ಸುರಿದ ವಸ್ತು. ನೇರಳೆ ಬಣ್ಣದ ಗ್ರೋ ಲೈಟು. ಹೊತ್ತಿಸಿದರೆ ಕೋಣೆಯೆಲ್ಲ ಮದ್ದುಸೊಪ್ಪಿನ ಪಾಯಸದ ಬಣ್ಣ.

"ಅಕ್ಕಪಕ್ಕದವರು ಏನೂ ಕೇಳಲಿಲ್ಲವಾ?"

"ಕೇಳಿದರು. ಒಳಗೆ ಎಂತ ಬೆಳೆಸ್ತಿದ್ದೀಯ ಅಂತ ಎರಡು ಅರ್ಥದಲ್ಲಿ ಕೇಳಿದರು."

"ಕೇಳದೆ! ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಗೆ ಗಾಂಜಾ ಗಿಡ ಹಿತ್ತಲಲ್ಲಿದ್ದರೂ ಒಂದೇ, ಬಕೆಟ್ಟಲ್ಲಿದ್ದರೂ ಒಂದೇ," ಎಂದರು ಮೇಷ್ಟ್ರು. "ಪೊಲೀಸರು ಬಂದು ನಿನ್ನ ಲೆಟ್ಯೂಸ್ ನೋಡಿದರೆ ಅವರಿಗೇ ಪಾಪ ಅನಿಸೀತು."

ಬಿಳಿ ಲೈಟು ಹಾಕು ಎಂದು ಕಾವೇರಕ್ಕ ಹೇಳಿದ್ದು ಪೊಲೀಸರಿಗೆ ಹೆದರಿ ಅಲ್ಲ. ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದದ್ದೇ ಕಣ್ಣಿಗೆ ಬೀಳುವುದಿಲ್ಲ, ಎಲ್ಲವೂ ಕಪ್ಪು. ಹೊಸ ಎಲೆಯ ನರ ಹಸಿರಿದ್ದು ನಡುವೆ ಹಳದಿಯಾದರೆ ಕಬ್ಬಿಣ ಸಿಗುತ್ತಿಲ್ಲ, ಬಹುಮಟ್ಟಿಗೆ ಪಿಎಚ್ ಏರಿದ್ದಕ್ಕೆ. ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಇದನ್ನೆಲ್ಲ ನೋಡಲು ಬಿಳಿ ಬೆಳಕೇ ಬೇಕು. ನಾಲ್ಕಡಿ ಉದ್ದ ಒಂದಡಿ ಅಗಲದ ಕಪಾಟಿಗೆ 20 ವಾಟಿನ ಎರಡು ಎಲ್ಇಡಿ ಬ್ಯಾಟನ್, 6500 ಕೆಲ್ವಿನ್ನಿನದು, ಸಸಿಯ ತಲೆಯಿಂದ 15-20 ಸೆಂಟಿಮೀಟರ್ ಮೇಲೆ. ದಿನಕ್ಕೆ 16 ಗಂಟೆ ಉರಿದರೂ ಮುಕ್ಕಾಲು ಯೂನಿಟ್ ಒಳಗೆ. ಕುಟ್ಟನ ಲೈಟು ಮಾಡಿಗೆ ನೇತುಹಾಕಿದ್ದು, ಟ್ರೇ ನೆಲದ ಮೇಲೆ. ದೂರ ಎರಡರಷ್ಟಾದರೆ ಬೆಳಕು ಅರ್ಧವೋ ಅದಕ್ಕಿಂತಲೂ ಕಮ್ಮಿಯೋ ಆಗುತ್ತೆ.

"ಉದ್ದ ಆದವನ್ನು ಎಲೆಯ ಬುಡದವರೆಗೆ ಹೂಳಿಬಿಡಲಾ?"

"ಟೊಮೆಟೊ ಆದರೆ ಹೂಳು, ಕಾಂಡದಲ್ಲೇ ಬೇರು ಬಿಡುತ್ತೆ. ಲೆಟ್ಯೂಸಿನ ನಡುಚಿಗುರು ಮುಚ್ಚಿದರೆ ಕೊಳೀತದೆ. ನೆಟ್ ಪಾಟಿನಲ್ಲಿ, ಆ ಜಾಲರಿ ಕುಂಡದಲ್ಲಿ, ಸುತ್ತ ನಾಲ್ಕು ಮಣ್ಣಿನ ಗುಂಡು ಇಟ್ಟು ಆನಿಸಿ ನಿಲ್ಲಿಸು."

ಮಾತು ಕರೆಂಟಿಗೆ ಬಂದದ್ದು ಕರೆಂಟು ಹೋದದ್ದರಿಂದ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ಕತ್ತಲಲ್ಲಿ ಮೊದಲು ಮಾತಾಡಿದವನು ಬೋಪಣ್ಣ: "ಮಣ್ಣಿಗೆ ಕರೆಂಟು ಬೇಡ."

ಯಾರೂ ಉತ್ತರ ಕೊಡಲಿಲ್ಲ, ಮೇಣದಬತ್ತಿ ಹುಡುಕಿದರು. ಲೈಟು ಒಂದು ದಿನ ಉರಿಯದಿದ್ದರೆ ಸಸಿ ಸಾಯುವುದಿಲ್ಲ ಎಂದು ಕಾವೇರಕ್ಕ ಧೈರ್ಯ ಕೊಟ್ಟಳು. ಆದರೆ ತಿರುಗುವ ಮುಳ್ಳಿನ ಟೈಮರ್ ಕರೆಂಟಿನ ಜೊತೆಗೇ ನಿಲ್ಲುತ್ತೆ. ಐದು ಗಂಟೆ ಹೋಗಿ ಬಂದರೆ ಅದರ ಗಡಿಯಾರ ಐದು ಗಂಟೆ ಹಿಂದೆ, ನಡುರಾತ್ರಿ ಸೂರ್ಯೋದಯ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರೇ ಇಲ್ಲಿಗೆ ಸರಿ. ದೊಡ್ಡ ಅಪಾಯ ಬೇರಿನ ನೀರಿಗೆ ಗಾಳಿ ಊದುವ ಪಂಪಿನದು. ಪಂಪು ಬಕೆಟ್ಟಿಗಿಂತ ಕೆಳಗಿದ್ದು ಕರೆಂಟು ಹೋದರೆ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ, ಅಲ್ಲಿಂದ ಪ್ಲಗ್ಗಿಗೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಬೇಕು. ಎರಡೂ ಮಾಡಿದರೆ ಯಾರೂ ಬೈಯುವುದಿಲ್ಲ. ಐದು ವೋಲ್ಟಿನ ಯುಎಸ್‌ಬಿ ಪಂಪಾದರೆ 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ರಾತ್ರಿ ಕಳೀತದೆ. ಕೆಲವು ಪವರ್ ಬ್ಯಾಂಕು ಇಷ್ಟು ಸಣ್ಣ ಭಾರಕ್ಕೆ ತಾವಾಗಿಯೇ ನಿದ್ದೆ ಹೋಗ್ತವೆ, ಮೊದಲೇ ಹಚ್ಚಿ ನೋಡಬೇಕು.

"ಈ ಚಳಿಯಲ್ಲಿ ಗಾಳಿಯ ಚಿಂತೆ ಅಷ್ಟಿಲ್ಲ," ಎಂದರು ಮೇಷ್ಟ್ರು. "20 ಡಿಗ್ರಿ ನೀರು ಲೀಟರಿಗೆ ಒಂಬತ್ತು ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತೆ, 30 ಡಿಗ್ರಿಯಲ್ಲಿ ಏಳೂವರೆ. ಅದು ಸಮುದ್ರಮಟ್ಟದ ಲೆಕ್ಕ, ನಮ್ಮ ಎತ್ತರದಲ್ಲಿ ಇನ್ನೂ ಸ್ವಲ್ಪ ಕಮ್ಮಿ."

ಇಪ್ಪತ್ನಾಲ್ಕು ಲೆಟ್ಯೂಸಿಗೆ ಪಂಪೇ ಬೇಡ ಅನ್ನುವುದು ಕಾವೇರಕ್ಕನ ಅಭಿಪ್ರಾಯ. ಬೆಳಕು ತೂರದ ಡಬ್ಬ, ಮೊದಲ ದಿನ ನೀರು ನೆಟ್ ಪಾಟಿನ ತಳ ಮುಟ್ಟುವಷ್ಟು. ನೀರು ಇಳಿದ ಹಾಗೆ ಮೇಲಿನ ಬೇರು ಗಾಳಿ ಕುಡಿಯಲು ಕಲೀತದೆ. ಇಳಿದದ್ದು ಕಂಡು ಹೊಟ್ಟೆ ಉರಿದು ಮತ್ತೆ ಕಂಠಮಟ್ಟ ತುಂಬಿಸಿದರೆ ಆ ಗಾಳಿಬೇರೇ ಮುಳುಗಿ ಸಾಯುತ್ತೆ.

"ಹಾಗಾದರೆ ಮತ್ತೆ ಬಿತ್ತುವುದು," ಎಂದ ಕುಟ್ಟ.

"ಬಿತ್ತು. ಸ್ಪಂಜಿಗೆ ಎರಡು ಬೀಜ, ಮೂರು ಮಿಲಿಮೀಟರಿಗಿಂತ ಆಳ ಬೇಡ, ಲೆಟ್ಯೂಸ್ ಮೊಳೆಯಲು ಬೆಳಕು ಬೇಕು. ಏನಾದರೂ ಎಡವಟ್ಟಾದರೆ ಒಂದು ಸಲಕ್ಕೆ ಒಂದೇ ಬದಲಾವಣೆ. ಪಿಎಚ್, ಗೊಬ್ಬರ, ಲೈಟು ಮೂರನ್ನೂ ಒಂದೇ ಸಂಜೆ ತಿರುಗಿಸಿದರೆ ಯಾವುದು ಕೊಂದಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ."

"ಬೇಸಿಲ್ ಕೂಡ ತಂದಿದ್ದೇನೆ."

"ಅದಕ್ಕೆ ಈ ಹವೆ ಆಗದು. 20ಕ್ಕಿಂತ ಕೆಳಗೆ ಮುನಿಸಿಕೊಂಡು ಕೂರುತ್ತೆ. ಬಿತ್ತಲೇಬೇಕು ಅಂದರೆ ಮೊಳಕೆ ಬರುವವರೆಗೆ ಫ್ರಿಜ್ಜಿನ ಮೇಲೆ ಇಡು, ಅಲ್ಲಿ ಸ್ವಲ್ಪ ಬೆಚ್ಚಗಿರುತ್ತೆ."

"ಅಲ್ಲಿ ಬೆಕ್ಕು ಮಲಗುತ್ತೆ ಅಕ್ಕ."

"ಬೆಚ್ಚಗಿನ ಜಾಗ ಬೆಕ್ಕೇ ತೋರಿಸುವಾಗ ಥರ್ಮಾಮೀಟರ್ ಯಾಕೆ ಮಾರಾಯ? ಬೆಕ್ಕನ್ನು ಇಳಿಸಿ ಟ್ರೇ ಇಡು."